ಹಾಯಿಲ್‌ನಲ್ಲಿ ಸಾರಿಸಿದ ಅಂಗಳ

ಡಾಂಬರಿನ ವಿಷಯದಲ್ಲಿ ನನಗೆ ಹೇಳಿಕೊಡುವವರು ಯಾರೂ ಹುಟ್ಟಿಲ್ಲ ಎಂದು ಹದಿನೆಂಟು ವರ್ಷ ನಂಬಿಕೊಂಡಿದ್ದವನು ನಾನು. ದಮ್ಮಾಮ್‌ನಲ್ಲಿ ಎಷ್ಟು ಪಾರ್ಕಿಂಗ್, ಎಷ್ಟು ಗೋದಾಮಿನ ಅಂಗಳ, ಎಷ್ಟು ಮನೆಗಳ ಮುಂದಿನ ಕಾರಿನ ದಾರಿ ನನ್ನ ಕಣ್ಣೆದುರು ಕಪ್ಪಾದವೋ ಲೆಕ್ಕವಿಟ್ಟಿಲ್ಲ. ಹಳೆಯ ಡಾಂಬರಿಗೆ ಸೀಲ್ ಕೋಟ್ ಹಚ್ಚುವುದು ನಮ್ಮ ಚಿಕ್ಕ ಕಂಪೆನಿಯ ಕೆಲಸ. ಬಿಸಿಲು ತಿಂದು ಬೂದಿಬಣ್ಣಕ್ಕೆ ತಿರುಗಿ ಜಲ್ಲಿ ಎದ್ದ ದಾರಿಯನ್ನು ಗುಡಿಸಿ, ಬಿರುಕುಗಳಿಗೆ ಬಿಸಿ ರಬ್ಬರ್ ಡಾಂಬರು ತುಂಬಿಸಿ, ಅದರ ಮೇಲೆ ನೀರಿನಲ್ಲಿ ಕದಡಿದ ಕಪ್ಪು ದ್ರಾವಣವನ್ನು ತೆಳ್ಳಗೆ ಎಳೆಯಬೇಕು. ಒಣಗಿದ ಮೇಲೆ ನೀರು ಒಳಗೆ ಇಳಿಯುವುದಿಲ್ಲ, ದಾರಿ ಇನ್ನೊಂದಷ್ಟು ವರ್ಷ ಬಾಳುತ್ತದೆ. ನಾನು ಸೂಪರ್‌ವೈಸರ್. ಕೈಯಲ್ಲಿ ಮಾಡುವವರು ಬೇರೆ, ಬಾಯಲ್ಲಿ ಮಾಡುವವನು ನಾನು.

ಕೈಯಲ್ಲಿ ಮಾಡುವವರಲ್ಲಿ ಮೊದಲಿಗರು ಕಾಕ. ಬಂಟ್ವಾಳ ಕಡೆಯ ಬ್ಯಾರಿ, ನನಗಿಂತ ಹದಿನೈದು ವರ್ಷ ದೊಡ್ಡವರು. ನಮ್ಮ ಕ್ಯಾಂಪಿನಲ್ಲಿ ನೇಪಾಳದವನಿಗೂ ಬಾಂಗ್ಲಾದವನಿಗೂ ಅವರು ಕಾಕನೇ. ನಾನು ಉಡುಪಿ ಕಡೆಯವನು. ನನ್ನೊಡನೆ ಅವರದು ಕನ್ನಡ, ಸಿಟ್ಟು ಬಂದರೆ ತುಳು, ಫೋನಿನಲ್ಲಿ ಹೆಂಡತಿಯೊಡನೆ ಬ್ಯಾರಿ. ಮೂವತ್ತೊಂದು ವರ್ಷದಿಂದ ಈ ದೇಶದಲ್ಲಿ ವೈಪರ್ ಎಳೆಯುತ್ತಿದ್ದಾರೆ. ನೆಲ ಒರೆಸುವ ವೈಪರಿನದೇ ಜಾತಿ, ಆದರೆ ಕೋಲು ಉದ್ದ, ರಬ್ಬರು ದಪ್ಪ. ಕಪ್ಪು ದ್ರಾವಣ ಸುರಿದು, ವೈಪರಿನಿಂದ ತಮ್ಮ ಕಡೆಗೆ ಎಳೆದುಕೊಳ್ಳುತ್ತಾ ಹಿಂದೆ ಹಿಂದೆ ನಡೆಯುವುದು. ಹಚ್ಚಿದ್ದನ್ನು ತುಳಿಯುವಂತಿಲ್ಲವಲ್ಲ.

ಆ ವರ್ಷ ಕಾಕನಿಗೆ ಇದ್ದದ್ದು ಒಂದೇ ಆಸೆ, ಹೆಂಡತಿಯನ್ನು ಇಲ್ಲಿಗೆ ಕರೆಸುವುದು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಹೋಗಿ ಬರುವುದೇ ಅವರ ಸಂಸಾರ. ಆಕೆ ಈ ದೇಶವನ್ನು ಕಣ್ಣಲ್ಲಿ ಕಂಡವರಲ್ಲ. ಮೊದಲೆಲ್ಲ ನಮ್ಮಂಥ ಕೆಲಸದವರು ಹೆಂಡತಿಯನ್ನು ಕರೆಸುವ ಮಾತೇ ಇರಲಿಲ್ಲ, ಈಗೀಗ ವಿಸಿಟ್ ವೀಸಾ ಸಿಗುತ್ತದೆ. ಉಮ್ರಾ ಯಾತ್ರೆ ಮಾಡಿಸಬೇಕು, ಮದೀನಾ ತೋರಿಸಬೇಕು ಎಂದು ಕಾಕ ಒಂದು ವರ್ಷದಿಂದ ಹೇಳುತ್ತಿದ್ದರು. ಆಕೆಯ ಪಾಸ್‌ಪೋರ್ಟೂ ಆಗಿತ್ತು. ಆದರೆ ವೀಸಾಕ್ಕೆ ಅರ್ಜಿ ಹಾಕಲು ಕಾಕನ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಇನ್ನೂ ಹಲವು ತಿಂಗಳು ಚಾಲ್ತಿಯಲ್ಲಿರಬೇಕು, ಅದಕ್ಕೆ ಉಳಿದದ್ದು ಎರಡೇ ತಿಂಗಳು.

ನಮ್ಮ ಮುದೀರ್, ಅಂದರೆ ಮ್ಯಾನೇಜರ್, ನನ್ನನ್ನು ಆಫೀಸಿಗೆ ಕರೆದು ಕಾಕನ ವಿಷಯ ಹೇಳಿದ. ಮುದುಕನಿಗೆ ಅರವತ್ತು ದಾಟಿತು, ಒಂದು ಕಣ್ಣಿನ ಆಪರೇಷನ್ ಆಗಿದೆ. ಹಾಯಿಲ್‌ನಲ್ಲಿ ಒಂದು ಮನೆಯ ದಾರಿ ಉಂಟು, ಅವನ ಕೈಯಲ್ಲೇ ಮಾಡಿಸು. ಕೆಲಸ ಚೆನ್ನಾಗಿ ಬಂದರೆ ಇಕಾಮಾ ರಿನ್ಯೂ. ಕಂಪ್ಲೇಂಟ್ ಬಂದರೆ ಫೈನಲ್ ಎಕ್ಸಿಟ್, ಊರಿಗೆ ವಾಪಸ್, ಖಲಾಸ್. ನೋಡಿ ಹೇಳಬೇಕಾದವನು ನೀನು.

ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾತಿ ನನ್ನದಲ್ಲ. ಅದೇ ಸಂಜೆ ಕಾಕನಿಗೆ ಹೇಳಿಬಿಟ್ಟೆ. ಅವರು ಮೀನು ಹುರಿಯುತ್ತಿದ್ದರು.

"ಒಳ್ಳೇದಾಯ್ತು ಮಾರಾಯ. ನನ್ನ ಕೈ ಕೆಟ್ಟಿದ್ರೆ ಯಾರೋ ಹೇಳುವುದಕ್ಕಿಂತ ನೀನು ಹೇಳುವುದೇ ಚಂದ" ಎಂದು ಮೀನು ಮಗುಚಿ ಹಾಕಿದರು.

ಡಿಸೆಂಬರಿನಲ್ಲಿ ನಾವಿಬ್ಬರೂ ಪಿಕಪ್‌ನಲ್ಲಿ ಸಾಮಾನು ತುಂಬಿಸಿಕೊಂಡು ಹೊರಟೆವು. ಹಾಯಿಲ್ ಪೇಟೆಯಿಂದ ಹೊರಗೆ, ಅಜಾ ಗುಡ್ಡಗಳ ಕಡೆಗಿರುವ ಒಂದು ತೋಟದ ಮನೆ. ಗೇಟಿನಿಂದ ಬಾಗಿಲವರೆಗೆ ನಿಧಾನಕ್ಕೆ ಏರುವ ಉದ್ದದ ಡಾಂಬರು ದಾರಿ, ಎರಡೂ ಕಡೆ ಕಲ್ಲಿನ ಅಂಚು. ಮನೆಯ ಯಜಮಾನರು ಶಾಲೆಯಲ್ಲಿ ಮಾಸ್ತರಾಗಿದ್ದು ನಿವೃತ್ತರಾದ ಮುದುಕರು. ಒಳಗೆ ಕುರಿಯ ಉಣ್ಣೆಯಿರುವ ಉದ್ದದ ಕೋಟು ಹೊದ್ದು, ಬಾಗಿಲಲ್ಲೇ ಗಾವಾ ಕಾಫಿ, ಖರ್ಜೂರ ಕೊಟ್ಟು ಕೂರಿಸಿದರು. ದಾರಿ ಹಾಳಾದದ್ದು ಹೇಗೆಂದು ಕೇಳಿದರೆ ಅವರು ಹೇಳಿದ್ದು ಒಂದೇ ಮಾತು, ಬರ್ದ್. ಚಳಿ.

ನನಗೆ ನಗು ಬಂತು. ಚಳಿಗೆ ರಸ್ತೆ ಒಡೆಯುವುದು ಯುರೋಪಿನಲ್ಲಿ ಇರಬಹುದು, ಒಂಟೆ ತಿರುಗುವ ಊರಿನಲ್ಲಿ ಎಂತದು? "ಹಾಕುವಾಗಲೇ ಕೆಟ್ಟ ಡಾಂಬರು ಹಾಕಿದ್ದಾರೆ, ಈಗ ಚಳಿಯ ಮೇಲೆ ಹೇಳ್ತಾರೆ" ಎಂದು ಕಾಕನಿಗೆ ಹೇಳಿದೆ. ಕಾಕ ಆಗಲೇ ಬಿರುಕಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬೆರಳು ತೂರಿಸಿ ನೋಡುತ್ತಿದ್ದರು.

ಆ ದಿನ ಮಧ್ಯಾಹ್ನ ಬ್ಲೋವರ್ ಹಿಡಿದು ಧೂಳು ತೆಗೆದು ಬಿರುಕುಗಳನ್ನೆಲ್ಲ ತುಂಬಿಸಿದೆವು. ಸಂಜೆ ನಾನು ನೀರಿನ ಪೈಪ್ ಎತ್ತಿಕೊಂಡೆ. ದಮ್ಮಾಮ್‌ನಲ್ಲಿ ಇದು ನಮ್ಮ ಕ್ರಮ. ಅಲ್ಲಿ ಡಾಂಬರು ಕಾದು ಕೆಂಡವಾಗಿರುತ್ತದೆ, ಹಿಂದಿನ ಸಂಜೆ ನೀರು ಬಿಟ್ಟರೆ ಧೂಳೂ ಹೋಗುತ್ತದೆ, ಕಾವೂ ಇಳಿಯುತ್ತದೆ.

"ಇಲ್ಲಿ ನೀರು ಬೇಡ ಅಂತ ಕಾಣ್ತದೆ ಮಾರಾಯ" ಎಂದರು ಕಾಕ. "ನೆಲ ಆಗಲೇ ತಣ್ಣಗೆ ಉಂಟು."

"ಕಾಕ, ಇಲ್ಲಿ ಸೂಪರ್‌ವೈಸರ್ ಯಾರು, ನೀವಾ ನಾನಾ?"

ಅವರು ತಲೆಗೆ ಮಫ್ಲರ್ ಸುತ್ತಿಕೊಂಡು ಗೇಟಿನ ಬಳಿಯ ಕೋಣೆಗೆ ಹೋದರು. ನಾನು ಮೇಲಿನಿಂದ ಕೆಳಗಿನವರೆಗೆ ಧಾರಾಳವಾಗಿ ನೀರು ಬಿಟ್ಟೆ. ರಾತ್ರಿ ಎರಡೆರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು. ಆಗಲಾದರೂ ನನ್ನ ಮಂಡೆಗೆ ಹೊಳೆಯಬೇಡವೇ?

ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದು, ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡು ದಾರಿಗೆ ಕಾಲಿಟ್ಟೆ. ಕಾಲು ನನ್ನದಾಗಿ ಉಳಿಯಲಿಲ್ಲ. ಧಡಾರನೆ ಕುಂಡೆ ಊರಿ ಕೂತು, ಕೂತಲ್ಲೇ ಗೇಟಿನವರೆಗೆ ಜಾರಿದೆ. ಬಾಗಿಲಲ್ಲಿ ನಿಂತಿದ್ದ ಕಾಕ "ಯಾ ಅಲ್ಲಾ!" ಎಂದು ಕೂಗಿ, ನನಗೇನೂ ಆಗಲಿಲ್ಲ ಎಂದು ಗೊತ್ತಾದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬೈಯಬೇಕೆಂದು ತಲೆ ಎತ್ತಿದೆ. ಬೈಗುಳ ಬಾಯಲ್ಲೇ ಉಳಿಯಿತು.

ದಾರಿ ಪೂರ್ತಿ ಗಾಜಾಗಿತ್ತು. ಆ ಕಡೆಯ ಗುಡ್ಡದ ತುದಿಗೆ ಆಗಷ್ಟೇ ಬಿಸಿಲು ತಾಗಿ, ಕಲ್ಲೆಲ್ಲ ಕೆಂಪಾಗಿತ್ತು. ಆ ಕೆಂಪು ಬಂದು ನಮ್ಮ ದಾರಿಯ ಮೇಲೆ ಮಲಗಿತ್ತು. ಒಂದು ಹಕ್ಕಿ ಇಳಿದು, ಜಾರಿ, ಗಾಬರಿಯಾಗಿ ಹಾರಿಹೋಯಿತು. ಅಬ್ಬಾ! ಫ್ರಿಜ್ಜಿನ ಒಳಗಲ್ಲದೆ ಬೇರೆಲ್ಲೂ ನಾನು ಮಂಜುಗಡ್ಡೆ ಕಂಡವನಲ್ಲ. ಐವತ್ತರ ಹತ್ತಿರ ಬಂದವನು, ಬಾಯಲ್ಲಿ ಬ್ರಷ್ ಇಟ್ಟುಕೊಂಡು, ಒದ್ದೆ ಪ್ಯಾಂಟಿನಲ್ಲಿ ಕೂತು, ಎರಡು ಕೈಯಿಂದಲೂ ಆ ನೆಲವನ್ನು ಸವರಿದೆ. ಒಂದು ತಗ್ಗಿನಲ್ಲಿ ನಿಂತಿದ್ದ ನೀರು ಗಟ್ಟಿಯಾಗಿ ಊಟದ ತಟ್ಟೆಯಷ್ಟು ಅಗಲಕ್ಕೆ ಎದ್ದು ಬಂತು. ಬೆಳಕಿಗೆ ಹಿಡಿದರೆ ಅದರೊಳಗೆ ಒಂದು ಒಣ ಎಲೆ, ನಾಲ್ಕು ಗುಳ್ಳೆ. ಕಾಕ ಹುಷಾರಾಗಿ ಅಂಚಿನ ಕಲ್ಲು ಹಿಡಿದುಕೊಂಡು ಬಂದು, ಅದನ್ನು ಕೆನ್ನೆಗೆ ಒತ್ತಿಕೊಂಡು, ಮತ್ತೆ ಫೋನಿನಲ್ಲಿ ವಿಡಿಯೋ ಮಾಡಿ ಹೆಂಡತಿಗೆ ಕಳಿಸಿದರು. ಆ ಕಡೆಯಿಂದ ಕೂಡಲೇ ಉತ್ತರ ಬಂತು. ಕಾಕ ನನಗೆ ಕನ್ನಡದಲ್ಲಿ ಹೇಳಿದರು, "ನಾನು ಬರುವವರೆಗೆ ಕರಗದ ಹಾಗೆ ನೋಡಿಕೊಳ್ಳಿ ಅಂತಾಳೆ."

ಆಮೇಲೆ ಕಾಕ ಸ್ಕ್ರೂಡ್ರೈವರ್ ತಂದು ಒಂದು ಬಿರುಕಿನ ಮುಂದೆ ಕೂತರು. ನೋಡಿದರೆ ಬಿರುಕಿನೊಳಗಿನ ನೀರು ಗಟ್ಟಿಯಾಗಿ, ಉಬ್ಬಿ, ಎರಡು ಕಡೆಯ ಡಾಂಬರನ್ನು ದೂಡಿಕೊಂಡು ಮೇಲೆ ಬಂದಿತ್ತು. ನಿನ್ನೆ ತುಂಬಿದ ರಬ್ಬರು ಅಲ್ಲಲ್ಲಿ ಅಂಚು ಬಿಟ್ಟು ಎದ್ದಿತ್ತು. ಪಿಕಾಸಿಯಿಂದ ಒಡೆಯಲು ಬೆವರು ಹರಿಸಬೇಕಾದ ಡಾಂಬರನ್ನು ಒಂದು ಲೋಟ ನೀರು ಸದ್ದಿಲ್ಲದೆ ಒಂದೇ ರಾತ್ರಿಯಲ್ಲಿ ಸೀಳಿತ್ತು. ಯಜಮಾನರು ಹೇಳಿದ ಬರ್ದ್ ಇದು. ಪ್ರತಿ ಚಳಿಗಾಲ ಒಂದೆರಡು ಮಳೆ, ಅದರ ಹಿಂದೆ ಇಂಥ ಬೆಳಗುಗಳು, ಹೀಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಒಡೆದು ಆ ದಾರಿ ಅಷ್ಟು ಹಾಳಾಗಿತ್ತು. ನಾನು ಹದಿನೆಂಟು ವರ್ಷ ಸೀಲ್ ಕೋಟ್ ಹಚ್ಚಿಸಿದ್ದು ಬಿಸಿಲಿನಿಂದ ಕಾಪಾಡಲು. ಅದು ಚಳಿಯಿಂದಲೂ ಕಾಪಾಡುತ್ತದೆ, ಅದಕ್ಕೇ ಇಲ್ಲಿಯವರು ಕರೆಸಿದ್ದಾರೆ ಎಂದು ಆ ಬಿರುಕಿನ ಮುಂದೆ ಕೂತಾಗ ಗೊತ್ತಾಯಿತು.

ಗೊತ್ತಾದರೂ ಬುದ್ಧಿ ಬರಲಿಲ್ಲ ಎನ್ನುವುದೇ ಈಗ ಹೇಳಬೇಕಾದದ್ದು.

ಮಂಜು ಕರಗಿ, ನೀರು ಒರೆಸಿ, ಎದ್ದ ರಬ್ಬರನ್ನು ಕಿತ್ತು ಮತ್ತೆ ತುಂಬಿಸುವಾಗ ಹನ್ನೆರಡು ಗಂಟೆ. ಬಿಸಿಲು ಹಿತವಾಗಿತ್ತು. ಕಾಕ ಡ್ರಮ್ಮಿನ ಮುಚ್ಚಳ ತೆಗೆದರು.

"ಈಗಲೇ ಹಿಡಿದರೆ ಬಿಸಿಲು ಇಳಿಯುವ ಮೊದಲು ಒಂದು ತುಂಡು ಮುಗೀತದೆ. ಉಳಿದದ್ದು ನಾಳೆ ನೋಡುವ."

"ನಡು ಮಧ್ಯಾಹ್ನ ಸೀಲ್ ಕೋಟ್ ಹಚ್ಚಿದವರನ್ನು ಕಂಡಿದ್ದೀರಾ? ಎಳೆಯುವ ಮೊದಲೇ ಒಣಗಿ ಗೀಟು ಗೀಟು ಬೀಳ್ತದೆ. ಅಸರ್ ನಮಾಜಿನ ಹೊತ್ತಾಗಲಿ, ಬಿಸಿಲು ಇಳಿಯಲಿ. ಸಂಜೆ ಹಚ್ಚುವ, ಬೆಳಿಗ್ಗೆಗೆ ರೆಡಿ."

"ಅದು ದಮ್ಮಾಮ್ ಮಾರಾಯ. ಇಲ್ಲಿ ರಾತ್ರಿ ಒಣಗುವುದು ಹೇಗೆ? ನಮ್ಮ ಊರಲ್ಲಿ ಅಂಗಳ ಸಾರಿಸುವುದು ಯಾವಾಗ? ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಅಲ್ವಾ?"

ಅವರು ಹೇಳಿದ್ದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಮಳೆಗಾಲ ಮುಗಿದ ಮೇಲೆ ನಮ್ಮ ಮನೆಯಲ್ಲೂ ಅಂಗಳ ಕೆತ್ತಿ, ಸಮ ಮಾಡಿ, ಪೆಟ್ಟುಕೊಟ್ಟು ಗಟ್ಟಿ ಮಾಡಿ, ಸೆಗಣಿಗೆ ಮಸಿ ಕಲಸಿ ಸಾರಿಸುತ್ತಿದ್ದರು. ಅಮ್ಮ ಸೊಂಟ ಬಗ್ಗಿಸಿ ಹಿಂದೆ ಹಿಂದೆ ಬರುತ್ತಿದ್ದಳು, ನಾವು ಜಗಲಿಯ ಮೇಲೆ ಕೂತಿರಬೇಕು. ಸಂಜೆ ಸಾರಿಸಿದರೆ ಇಬ್ಬನಿಗೆ ಒಣಗುವುದಿಲ್ಲ ಎಂದು ನನಗೆ ಆರು ವರ್ಷಕ್ಕೇ ಗೊತ್ತಿತ್ತು. ಆದರೆ ಸೆಗಣಿಗೂ ಸೀಲ್ ಕೋಟಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ನನ್ನ ಸೂಪರ್‌ವೈಸರ್ ಬುದ್ಧಿ ಹೇಳಿತು.

"ಕಾಕ, ಪಾಠ ಸಾಕು. ನಾಲ್ಕು ಗಂಟೆಗೆ ಶುರು ಮಾಡುವ."

ನಾಲ್ಕಕ್ಕೆ ಶುರು ಮಾಡಿದೆವು. ಗೇಟಿನ ಕಡೆಯ ಅರ್ಧ ಮುಗಿಯುವಾಗ ಸೂರ್ಯ ಮುಳುಗಿ ಮಗ್ರಿಬಿನ ಬಾಂಗ್ ಕೇಳಿತು. ಕೊನೆಯ ಹತ್ತು ಹೆಜ್ಜೆಗೆ ಪಿಕಪ್‌ನ ಲೈಟ್ ಹಾಕಿದೆ. ಆ ಬೆಳಕಿನಲ್ಲಿ ಕಾಕನ ಕಣ್ಣಿಗೆ ಅಂಚು ಕಾಣದೆ ಎರಡು ಸಲ ಕಲ್ಲಿಗೆ ಎಡವಿದರು. ಆದರೂ ಕೈ ನಡುಗಲಿಲ್ಲ, ಹಚ್ಚಿದ್ದು ಒಂದೇ ಸಮನೆ ಇತ್ತು. ಇದನ್ನು ನಾನು ನನ್ನ ಕಣ್ಣಿನಿಂದ ನೋಡಿದ್ದೇನೆ.

ಮರುದಿನ ಬೆಳಿಗ್ಗೆ ಅದರ ಮೇಲೆ ಬಿಳಿ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಬೆರಳು ಇಟ್ಟರೆ ಕಪ್ಪು ಪೂರ್ತಿ ಹಾಲಿನ ಕೆನೆಯ ಹಾಗೆ ಮಡಚಿಕೊಂಡು ಬಂತು. ದಾರಿ ಒಣಗಿರಬೇಕೆಂದು ತಿಳಿದು ಯಜಮಾನರ ಮಗ ಕಾರು ಹೊರಗೆ ತೆಗೆದಿದ್ದ. ಗೇಟಿನ ಆಚೆಯ ರಸ್ತೆಯವರೆಗೂ ಎರಡು ಕಪ್ಪು ಪಟ್ಟೆ. ಆತ ಇಳಿದು, ಟೈರು ನೋಡಿ, ದಾರಿ ನೋಡಿ, ಫೋಟೋ ತೆಗೆದು ನಮ್ಮ ಕಂಪೆನಿಗೆ ಕಳಿಸಿದ.

ಹತ್ತು ನಿಮಿಷದಲ್ಲಿ ಮುದೀರ್‌ನ ಫೋನ್.

"ಏನಿದು? ಫೋಟೋ ನೋಡಿದೆ. ಮುದುಕನ ಕೈ ಹೋಯಿತು, ಅಲ್ಲವಾ?"

ನಾನು ಪಿಕಪ್‌ನ ಹಿಂದೆ ನಿಂತಿದ್ದೆ. ಕಾಕ ಆ ಕಡೆ ಮೊಣಕಾಲೂರಿ, ಅಂಗೈಯನ್ನು ದಾರಿಯ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು ಕೂತಿದ್ದರು. ನನ್ನ ಬಾಯಿಂದ ಬಂದದ್ದು ಒಂದೇ ಶಬ್ದ.

"ಹೂಂ."

ಥೂ! ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ದಿನವಿಡೀ ವಟವಟ ಎನ್ನುವ ಬಾಯಿ ಅದು, ಮಾತಾಡಬೇಕಾದ ಹೊತ್ತಿಗೆ ಅದರಲ್ಲಿ ಇದ್ದದ್ದು ಅಷ್ಟೇ. ಹೊಸ ವರ್ಷಕ್ಕೆ ರಾಬಿಗ್‌ನಲ್ಲಿ ದೊಡ್ಡ ಕೆಲಸ ಬರುವುದಿತ್ತು, ಅದರ ಮೇಲ್ವಿಚಾರಣೆ ನನಗೆ ಎಂದು ಮಾತಾಗಿತ್ತು. ಆ ಆಸೆ ನನ್ನ ಬಾಯಿ ಕಟ್ಟಿತು, ಬೇರೆ ಕಾರಣ ಹುಡುಕುವುದಿಲ್ಲ.

ಕಾಕನಿಗೆ ಇದೇನೂ ಗೊತ್ತಿರಲಿಲ್ಲ. ಎದ್ದು ಬಂದು ಹೇಳಿದರು, "ಇದನ್ನು ಪೂರ್ತಿ ಕೆರೆದು ತೆಗೆಯಬೇಕು. ಮತ್ತೆ ನನ್ನ ಲೆಕ್ಕಕ್ಕೆ ಬಿಡು. ಬಯ್ಯಬೇಡ ಆಯ್ತಾ? ಈ ಕೆಲಸ ಕೆಟ್ಟರೆ ಅವಳು ಬರುವುದು ತಪ್ತದೆ ಮಾರಾಯ."

ಆ ದಿನ ನಾವಿಬ್ಬರೂ ಸೇರಿ ಕೆರೆದೆವು. ನಾನೂ ಕೆರೆದೆ. ಎಷ್ಟೋ ವರ್ಷಗಳ ಮೇಲೆ ನನ್ನ ಕೈಗೆ ಬೊಬ್ಬೆ ಬಂತು.

ನಾಲ್ಕನೆಯ ದಿನ ಬಿಸಿಲು ಬಂದಿತು, ಎಂಟು ಗಂಟೆ ಆಯಿತು, ಒಂಬತ್ತಾಯಿತು. ಕಾಕ ಗೋಡೆಗೆ ಒರಗಿ ಚಾ ಕುಡಿಯುತ್ತಾ ಕೂತಿದ್ದರು. ನಾನು ಕೇಳಲೂ ಇಲ್ಲ. ಹತ್ತು ದಾಟಿದ ಮೇಲೆ ಅವರು ಎದ್ದು, ಬೂಟು ಬಿಚ್ಚಿ, ಕಾಲುಚೀಲ ತೆಗೆದು, ಬರಿಗಾಲನ್ನು ಡಾಂಬರಿನ ಮೇಲಿಟ್ಟು ಕಾವು ನೋಡುತ್ತಾ ಕಣ್ಣು ಮುಚ್ಚಿ ನಿಂತರು. ಮತ್ತೆ ನಾಲ್ಕು ಹೆಜ್ಜೆ ಆಚೆ, ಗೋಡೆಯ ನೆರಳಿದ್ದ ಕಡೆ ಇಟ್ಟರು, ತಲೆ ಅಲ್ಲಾಡಿಸಿದರು. ಮತ್ತೆ ಕೂತರು. ನೆರಳು ಸರಿದ ಮೇಲೆ ಇನ್ನೊಮ್ಮೆ ಕಾಲಿಟ್ಟು, "ಈಗ ಆಯ್ತು" ಎಂದರು.

ಆಮೇಲೆ ಕಂಡದ್ದನ್ನು ಹೇಗೆ ಹೇಳಲಿ? ಹದಿನೆಂಟು ವರ್ಷ ಆ ಮನುಷ್ಯನ ಪಕ್ಕದಲ್ಲಿ ನಿಂತಿದ್ದೇನೆ, ಒಂದು ದಿನವೂ ನೋಡಿರಲಿಲ್ಲ. ಯಲ್ಲಾ ಯಲ್ಲಾ, ಬೇಗ ಬೇಗ ಎಂದು ಕೂಗುವುದರಲ್ಲೇ ಇದ್ದೆ. ಬಕೆಟಿನಿಂದ ಅಡ್ಡಕ್ಕೆ ಒಂದು ಪಟ್ಟೆ ಸುರಿಯುತ್ತಾರೆ. ವೈಪರನ್ನು ಸ್ವಲ್ಪ ಓರೆ ಹಿಡಿದು ಈ ಅಂಚಿನಿಂದ ಆ ಅಂಚಿಗೆ ಎಳೆಯುತ್ತಾರೆ, ತಿರುಗಿಸುವಲ್ಲಿ ಮಣಿಕಟ್ಟು ಒಂದಿಷ್ಟೇ ಮಡಚುತ್ತದೆ, ಹೆಚ್ಚಾದ ದ್ರಾವಣ ಮುಂದಿನ ಪಟ್ಟೆಗೆ ತಾನಾಗಿ ಸೇರುತ್ತದೆ. ಒಂದು ಹನಿಯೂ ಕಲ್ಲಿನ ಅಂಚಿಗೆ ತಾಗುವುದಿಲ್ಲ. ಎರಡು ಎಳೆತ ಸೇರುವಲ್ಲಿ ಗೀಟಿಲ್ಲ. ತೆಳ್ಳಗೆ, ಜಲ್ಲಿಯ ಸಂದಿಯಲ್ಲಿ ಇಳಿಯುವಷ್ಟು ಮಾತ್ರ. ಹಾಗೆ ಹಿಂದೆ ಹಿಂದೆ ಬರುವಾಗ ಅರವತ್ತು ದಾಟಿದ ಆ ದೇಹ ಒಂದು ಕಡೆಯೂ ಅವಸರ ಮಾಡಲಿಲ್ಲ. ಯಜಮಾನರು ಕುರ್ಚಿ ತರಿಸಿ ಬಾಗಿಲಲ್ಲಿ ಕೂತು, "ಮಾಷಾ ಅಲ್ಲಾಹ್, ಮಾಷಾ ಅಲ್ಲಾಹ್" ಎನ್ನುತ್ತಿದ್ದರು. ಈ ಕೈ ಹೋಯಿತೆಂದು ಹೂಂ ಅಂದೆನಲ್ಲ ನಾನು, ನನ್ನ ನಾಲಿಗೆ ಸೇದಿಹೋಗಬಾರದೇ ಎನಿಸಿತು.

ಎರಡು ಗಂಟೆಗೆ ಕಾಕ ವೈಪರ್ ತೊಳೆದಿಟ್ಟರು. ಇನ್ನೂ ಬೇಕಾದಷ್ಟು ಬೆಳಕಿತ್ತು. "ಇವತ್ತಿಗೆ ಇಷ್ಟೇ. ಕತ್ತಲಾಗುವ ಮೊದಲು ಒಣಗಲಿ" ಎಂದರು. ನಾನು ಗೇಟಿನ ಹೊರಗೆ ಹೋಗಿ ಮುದೀರ್‌ಗೆ ಫೋನ್ ಮಾಡಿದೆ.

"ನಿನ್ನೆ ಹೂಂ ಅಂದದ್ದು ಸುಳ್ಳು. ನೀರು ಬಿಟ್ಟದ್ದು ನಾನು. ಸಂಜೆ ಹಚ್ಚಿಸಿದ್ದು ನಾನು. ಮುದುಕರು ಎರಡೂ ಸಲ ಬೇಡ ಅಂದಿದ್ದರು. ಅವರ ಕೈಯಂಥ ಕೈ ನಿಮ್ಮ ಕಂಪೆನಿಯಲ್ಲಿ ಇನ್ನೊಂದಿಲ್ಲ."

ಮುದೀರ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಫೋನ್ ಇಟ್ಟ.

ಇನ್ನೂ ಮೂರು ದಿನ ಹಾಗೆಯೇ, ಹತ್ತರಿಂದ ಎರಡರವರೆಗೆ ಮಾತ್ರ ಕೆಲಸ, ಎರಡು ಕೈ ಹಚ್ಚಿ ಮುಗಿಸಿದೆವು. ಗೇಟಿನ ಹತ್ತಿರ ಎರಡು ಹೆಜ್ಜೆಯಷ್ಟು ಕಡೆ ಮಾತ್ರ ನನ್ನ ಮೊದಲಿನ ಕಪ್ಪು ಜಲ್ಲಿಯ ಸಂದಿಯಲ್ಲಿ ಅಂಟಿಕೊಂಡು ಪೂರ್ತಿ ಬಂದಿರಲಿಲ್ಲ. ಅದರ ಮೇಲೆಯೇ ಹಚ್ಚಬೇಕಾಯಿತು. ನೋಡಲು ಗೊತ್ತಾಗುತ್ತಿರಲಿಲ್ಲ.

ದಮ್ಮಾಮ್‌ಗೆ ಮರಳಿದ ಮೇಲೆ ಮೂರು ವಾರ ಯಾರೂ ಏನೂ ಹೇಳಲಿಲ್ಲ. ಕಾಕ ಪ್ರತಿದಿನ ಊಟಕ್ಕೆ ಕೂತಾಗ ಫೋನ್ ತೆಗೆದು ಇಕಾಮಾದ ತಾರೀಕು ನೋಡುವರು, ಮತ್ತೆ ಜೇಬಿಗೆ ಹಾಕುವರು. ನನ್ನನ್ನು ಕೇಳುತ್ತಿರಲಿಲ್ಲ. ರಾಬಿಗ್‌ಗೆ ಬೇರೊಬ್ಬನನ್ನು ಕಳಿಸುತ್ತಾರೆ ಎಂದು ಗೊತ್ತಾದ ದಿನ ನನಗೆ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ, ರಾತ್ರಿ ಊಟ ಸೇರಲಿಲ್ಲ. ಅದಾದ ಎರಡನೆಯ ದಿನ ಕಾಕನ ಫೋನಿಗೆ ಮೆಸೇಜ್ ಬಂತು. ಇಕಾಮಾ ಒಂದು ವರ್ಷಕ್ಕೆ ರಿನ್ಯೂ. ಕಾಕ ಅದನ್ನು ನನ್ನ ಕೈಗೆ ಕೊಟ್ಟು, "ಸರಿ ಓದು ಮಾರಾಯ, ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಇಲ್ಲ" ಎಂದು ಮೂರು ಸಲ ಓದಿಸಿದರು.

ಫೆಬ್ರವರಿಯ ಕೊನೆಗೆ ಆಕೆ ಬಂದರು. ಅದೇ ಹೊತ್ತಿಗೆ ಹಾಯಿಲ್‌ನ ದಾರಿ ಚಳಿ ದಾಟಿತೇ ಎಂದು ನೋಡಿ ಬರಲು ನನಗೆ ಹೇಳಿದ್ದರು. ಕಾಕ ಹೆಂಡತಿಯನ್ನೂ ಕರೆದುಕೊಂಡು ನನ್ನ ಕಾರಿನಲ್ಲೇ ಹೊರಟರು. ಹಾಯಿಲ್‌ನಿಂದ ಅವರಿಬ್ಬರೂ ಬಸ್ಸಿನಲ್ಲಿ ಮದೀನಾಕ್ಕೆ, ಅಲ್ಲಿಂದ ಉಮ್ರಾಕ್ಕೆ ಎಂದು ಲೆಕ್ಕ. ದಾರಿಯುದ್ದಕ್ಕೂ ಆಕೆ ಹಿಂದಿನ ಸೀಟಿನಿಂದ, ಊರಿನಿಂದ ತಂದ ಹಲಸಿನ ಹಪ್ಪಳ ಕೊಡುತ್ತಾ, ಎಲ್ಲಿಯೂ ಮರ ಇಲ್ಲವಲ್ಲ, ಇಲ್ಲಿಯ ಕಾಗೆಗಳು ಎಲ್ಲಿ ಕೂರುತ್ತವೆ ಎಂದು ಕೇಳುತ್ತಿದ್ದರು. ನಾನು ಅಕ್ಕ ಎಂದು ಕರೆದೆ. ನನಗೆ ಅವರು ಮೊದಲ ದಿನದಿಂದಲೇ ತಮ್ಮ ಎಂದರು.

ರಾತ್ರಿ ಪೇಟೆಯಲ್ಲಿ ತಂಗಿ, ಬೆಳಿಗ್ಗೆ ಒಂಬತ್ತಕ್ಕೆ ತೋಟದ ಮನೆಯ ಗೇಟು ತಲುಪಿದೆವು. ಅಕ್ಕ ಕಾರಿನಿಂದ ಇಳಿದರು. ಅವರ ಮುಂದೆ ಆ ದಾರಿ ಗೇಟಿನಿಂದ ಬಾಗಿಲವರೆಗೆ ಕಪ್ಪಗೆ, ಒಂದೂ ಬಿರುಕಿಲ್ಲದೆ ಏರಿಕೊಂಡು ಹೋಗಿತ್ತು. ಒಂದು ಇಡೀ ಚಳಿಗಾಲ ಅದರ ಮೇಲೆ ಹಾದುಹೋಗಿತ್ತು. ಅಕ್ಕ ಬಗ್ಗಿ, ಎರಡೂ ಚಪ್ಪಲಿ ತೆಗೆದು ಗೇಟಿನ ಬದಿಗಿಟ್ಟರು. ಸಾರಿಸಿದ ಅಂಗಳಕ್ಕೆ ಯಾರಾದರೂ ಚಪ್ಪಲಿ ಹಾಕಿ ಇಳಿಯುತ್ತಾರೆಯೇ? ನಾನೂ ಬೂಟು ಬಿಚ್ಚಿದೆ.

ಅಕ್ಕ ಕೂತು ಅಂಗೈಯಿಂದ ನೆಲ ಸವರಿದರು. ಈ ಕಡೆ, ಆ ಕಡೆ. ಮತ್ತೆ ತಲೆ ಎತ್ತಿ ಗಂಡನನ್ನು ನೋಡಿದರು.

"ಇದಾ ನೀವು ಇಷ್ಟು ವರ್ಷ ಮಾಡಿದ್ದು? ಕಂಪೆನಿ ಕೆಲಸ, ಕಂಪೆನಿ ಕೆಲಸ ಅಂತ ಹೇಳ್ತಿದ್ರಲ್ಲ?"

"ಹೌದು, ಇದೇ" ಎಂದರು ಕಾಕ, ತಪ್ಪು ಮಾಡಿದವರ ಹಾಗೆ.

"ಊರಿಗೆ ಬಂದಾಗ ಒಂದು ಹಿಡಿ ಸೆಗಣಿ ಮುಟ್ಟಿದ ಜನ ಅಲ್ಲ. ಅಂಗಳ ಪೂರ್ತಿ ನಾನೊಬ್ಬಳೇ ಸಾರಿಸಬೇಕು, ಇವರು ಕುರ್ಚಿಯಲ್ಲಿ ಕೂತು ಪೇಪರ್ ಓದಬೇಕು. ಇಲ್ಲಿ ನೋಡಿದ್ರೆ ಕಂಡವರ ಅಂಗಳ ಸಾರಿಸಿಕೊಂಡು ಕೂತಿದ್ದಾರೆ!" ಎಂದರು. ಬಾಯಿ ಜೋರಿತ್ತು, ಕಣ್ಣು ತುಂಬಿ ಬಂದಿತ್ತು. ಕಾಕ ಸುಮ್ಮನೆ ನಗುತ್ತಾ ನಿಂತಿದ್ದರು.

ಅಕ್ಕ ಎದ್ದು ನಾಲ್ಕು ಹೆಜ್ಜೆ ಹಾಕಿದರು. ನಿಂತರು. ಒಂದು ಹೆಜ್ಜೆ ಹಿಂದೆ ಬಂದು ಅಂಗಾಲಿನಿಂದ ಒತ್ತಿ ನೋಡಿದರು. ಬಗ್ಗಿ ಉಗುರಿನಿಂದ ಕೆರೆದರು, ಬೆಳ್ಳುಳ್ಳಿ ಸಿಪ್ಪೆಯಷ್ಟು ಕಪ್ಪು ಚಕ್ಕೆ ಎದ್ದು ಬಂತು.

"ಇಲ್ಲಿ ಎಂತ ಆಗಿದೆ? ಈ ಎರಡು ಹೆಜ್ಜೆ ಸರಿ ಇಲ್ಲ. ಅಡಿಯದ್ದು ಒಣಗದೆ ಮೇಲೆ ಹಚ್ಚಿದ್ದಾರೆ."

ಆ ಜಾಗ ನನಗೆ ಗೊತ್ತಿತ್ತು, ಕಾಕನಿಗೆ ಗೊತ್ತಿತ್ತು, ಭೂಮಿಯ ಮೇಲೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ವಿಮಾನ ಇಳಿದು ನಾಲ್ಕು ದಿನವಾದ ಹೆಂಗಸು, ಡಾಂಬರು ಹಚ್ಚುವುದನ್ನು ಕಂಡೇ ಇರದವರು, ಬರಿಗಾಲಿನಲ್ಲಿ ಕಂಡುಹಿಡಿದಿದ್ದರು.

"ಅದು ಚಳಿಗೆ ಹಾಗಾದದ್ದು" ಎಂದರು ಕಾಕ ಅವಸರದಲ್ಲಿ.

"ಚಳಿಗಲ್ಲ ಅಕ್ಕ, ಅದು ನಾನು" ಎಂದೆ. "ಕಾಕ ಬೇಡ ಬೇಡ ಅಂದರೂ ಸಂಜೆ ಹಚ್ಚಿಸಿದವ ನಾನು. ಇವರ ಕೈ ಹೋಯಿತಾ ಅಂತ ಮುದೀರ್ ಕೇಳಿದಾಗ ಹೂಂ ಅಂದದ್ದೂ ನಾನೇ. ಆಮೇಲೆ ನಿಜ ಹೇಳಿದೆ. ಆದರೆ ಒಂದು ದಿನ ಪೂರ್ತಿ ಆ ಹೂಂ ಹಾಗೇ ಇತ್ತು. ನೀವು ಬರದೇ ಹೋಗ್ತಿದ್ರಿ."

ಕಾಕ ನನ್ನನ್ನೇ ನೋಡಿದರು. ಅಷ್ಟು ವರ್ಷದಲ್ಲಿ ಅವರು ಹಾಗೆ ನೋಡಿದ್ದಿಲ್ಲ. "ಇದನ್ನು ನನಗೆ ಹೇಳಲೇ ಇಲ್ವಲ್ಲ ಮಾರಾಯ" ಎಂದಷ್ಟೇ ಹೇಳಿ ಗುಡ್ಡದ ಕಡೆ ತಿರುಗಿದರು. ನನಗೆ ನೆಲ ಬಿರಿಯಬಾರದೇ ಎನಿಸಿತು. ಬಿರಿಯದ ಹಾಗೆ ಅವರೇ ಹಚ್ಚಿಟ್ಟಿದ್ದರು.

ಅಕ್ಕ ಒಮ್ಮೆ ಗಂಡನ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು.

"ಹಚ್ಚುವುದು ಉಳಿದಿದೆಯಾ?" ಎಂದು ನನ್ನನ್ನು ಕೇಳಿದರು.

"ಒಂದು ಬಕೆಟ್ ತಂದಿದ್ದೇನೆ ಅಕ್ಕ."

"ಮತ್ತೆಂತ ನೋಡ್ತಾ ನಿಂತದ್ದು ತಮ್ಮ? ತನ್ನಿ. ಹೂಂ ಅಂದದ್ದನ್ನೂ ಕೆರೆದು ತೆಗೆಯಿರಿ."

ನಾನು ಆ ಎರಡು ಹೆಜ್ಜೆಯನ್ನು ಮೊಣಕಾಲೂರಿ, ಜಲ್ಲಿಯ ಸಂದಿ ಸಂದಿಯಿಂದ ಕೆರೆದು ತೆಗೆದೆ. ಕಾಕ ಡಿಕ್ಕಿಯಿಂದ ವೈಪರ್ ತಂದರು. ಬೂಟು ಬಿಚ್ಚಿ ಕಾಲಿಡಲು ಹೋದರು. ಅಷ್ಟರಲ್ಲಿ ಅಕ್ಕನ ಕಾಲು ಅಲ್ಲಿತ್ತು.

"ಇನ್ನೂ ಆಗ್ಲಿಲ್ಲ. ಸ್ವಲ್ಪ ತಡೀರಿ."

ಮೂವರೂ ಗೋಡೆಗೆ ಒರಗಿ ಬಿಸಿಲಿಗೆ ಕೂತೆವು. ಯಜಮಾನರು ಗಾವಾ ಕಳಿಸಿದರು. ಮೊದಲ ಲೋಟವನ್ನು ಕಾಕ ನನ್ನ ಕೈಗೆ ಕೊಟ್ಟರು. ದಾರಿಯ ಮೇಲಿದ್ದ ನೆರಳು ಎದುರು ಗೋಡೆಯ ಬುಡಕ್ಕೆ ಸರಿಯಿತು. ಅಕ್ಕ ಎದ್ದು ಕಾಲಿಟ್ಟು "ಈಗ" ಎನ್ನುವುದಕ್ಕೂ ಕಾಕ ವೈಪರ್ ಹಿಡಿದು ಏಳುವುದಕ್ಕೂ ಸರಿಹೋಯಿತು.

ಕಾಕ ಸುರಿದರು, ಓರೆ ಹಿಡಿದರು, ಎಳೆಯುತ್ತಾ ಹಿಂದೆ ಹಿಂದೆ ಬಂದರು. ಅಕ್ಕ ಅವರ ಬೆನ್ನ ಹಿಂದೆ ನಿಂತು, ತಾವೂ ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಹೇಳುತ್ತಿದ್ದರು.

"ಬನ್ನಿ, ಇನ್ನೊಂದು ಹೆಜ್ಜೆ ಬನ್ನಿ. ಎಡಗಡೆ ಕಲ್ಲುಂಟು. ಬನ್ನಿ, ನಾನಿದ್ದೇನೆ."

ಮೂವತ್ತೊಂದು ವರ್ಷ ಒಬ್ಬರೇ ಹಿಂದಕ್ಕೆ ನಡೆದ ಮನುಷ್ಯ ಆ ದಿನ ಒಂದು ಸಲವೂ ತಿರುಗಿ ನೋಡಲಿಲ್ಲ.